ರೈಲ್ಸ್ ಅಪ್‌ಗ್ರೇಡ್ ಆದ ಮೇಲೆ ಅದರ ಟೆಸ್ಟ್ ಸಲಕರಣೆಗಳನ್ನು ಎಷ್ಟು ನಂಬಬಹುದು?

ಪುಣೆಯ ಕರ್ವೆನಗರದ ಒಂದು ಶಾಲೆಯ ಕೋಣೆಯಲ್ಲಿ ನಾವು ಕೆಲವು ಕನ್ನಡ ಮನೆಗಳವರು ಸೇರಿ ವಾಚನಾಲಯ ನಡೆಸುತ್ತೇವೆ. ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ಬಾಗಿಲು ತೆರೆದಿರುತ್ತದೆ. ಆರು ಕಬ್ಬಿಣದ ಕಪಾಟು, 3,400 ಪುಸ್ತಕ, 260 ಸದಸ್ಯರು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರೇ ಹೆಚ್ಚು; ಮಂಗಳೂರು, ಉಡುಪಿ ಕಡೆಯ ಮನೆಗಳೂ ಇವೆ. ಪುಸ್ತಕ ಕೊಡುವುದು, ಮರಳಿ ಪಡೆಯುವುದು, ತಡವಾದರೆ ದಂಡ ಲೆಕ್ಕ ಹಾಕುವುದು, ಎಲ್ಲವೂ ನಾನು 2013ರಲ್ಲಿ ರೂಬಿ ಭಾಷೆಯ ವೆಬ್ ಚೌಕಟ್ಟಾದ ರೂಬಿ ಆನ್ ರೈಲ್ಸ್‌ನ 4.0 ಆವೃತ್ತಿ ಬಳಸಿ ಬರೆದ ಒಂದು ವೆಬ್ ಅಪ್ಲಿಕೇಶನ್‌ನಲ್ಲಿ ನಡೆಯುತ್ತದೆ. ಮೇಜಿನ ಹಿಂದೆ ಕುಳಿತುಕೊಳ್ಳುವವರು ನಿವೃತ್ತ ಶಾಲಾ ಶಿಕ್ಷಕರು. ವಯಸ್ಸು 74. ನಾವೆಲ್ಲ ಅವರನ್ನು ಮಾಸ್ತರರು ಎಂದೇ ಕರೆಯುತ್ತೇವೆ.

ಮಾಸ್ತರರು ‘ಕೊಡು’ ಗುಂಡಿ ಒತ್ತಿದರೆ ಪುಟ ಮತ್ತೆ ತೆರೆದುಕೊಳ್ಳುವುದಿಲ್ಲ. ಆ ಪುಸ್ತಕದ ಸಾಲು ಮಾತ್ರ ಬಣ್ಣ ಬದಲಿಸಿ, ಹಿಂತಿರುಗಿಸಬೇಕಾದ ದಿನಾಂಕ ಪಕ್ಕದಲ್ಲಿ ಮೂಡುತ್ತದೆ. ಇದಕ್ಕಾಗಿ ಸರ್ವರ್ ಕಳಿಸುವುದು ಪುಟವನ್ನಲ್ಲ, ನಾಲ್ಕೈದು ಸಾಲು ಜಾವಾಸ್ಕ್ರಿಪ್ಟ್. ಬ್ರೌಸರ್ ಅದನ್ನು ಓಡಿಸುತ್ತದೆ. ಇಂತಹ ಉತ್ತರ ಕೊಡುವ ಕಡೆಗಳು ನಮ್ಮಲ್ಲಿ ಬಹಳ. ಕೋಡ್ ಸರಿಯಿದೆಯೇ ಎಂದು ಓಡಿ ನೋಡುವ ಪುಟ್ಟ ಪ್ರೋಗ್ರಾಂಗಳೇ ಟೆಸ್ಟ್‌ಗಳು; ದಾಟಿದರೆ ಹಸಿರು, ಸೋತರೆ ಕೆಂಪು. ಈ ಉತ್ತರಗಳಿಗೆಂದೇ ಬರೆದವು 64. ಕೋರಿಕೆಗೆ ಉತ್ತರ ಕೊಡುವ ಕೋಡ್‌ನ ಭಾಗ ಕಂಟ್ರೋಲರ್; ಒಟ್ಟು ಕಂಟ್ರೋಲರ್ ಟೆಸ್ಟ್‌ಗಳು 212.

2023ರ ಗಣೇಶೋತ್ಸವದ ಹೊತ್ತಿಗೆ ಅಪ್‌ಗ್ರೇಡ್ ಆರಂಭಿಸಿದೆ. ಮುಠಾ ನದಿಯ ದಂಡೆಯಿಂದ ಢೋಲ್ ತಾಶಾ ಅಭ್ಯಾಸದ ಸದ್ದು ಮನೆಯವರೆಗೂ ಬರುತ್ತಿತ್ತು, ಸಂಜೆ ರಸ್ತೆಗಳು ಮುಚ್ಚಿರುತ್ತಿದ್ದವು, ಮನೆಯಲ್ಲಿ ಕುಳಿತು ಮಾಡಲು ತಕ್ಕ ಕೆಲಸ. 4.0ರಿಂದ 7.0ರವರೆಗೆ ಎಂಟು ಮೆಟ್ಟಿಲು, ಒಂದನ್ನೂ ಹಾರಲಿಲ್ಲ. ಸಂಕ್ರಾಂತಿಗೆ ಮುಗಿಯಿತು. ಅದಾದ ಮೇಲೆ ವರ್ಷಪೂರ್ತಿ ವಾಚನಾಲಯ ಅದರ ಮೇಲೆಯೇ ನಡೆದಿದೆ. ಹಾಗಾಗಿ ಈಗ ಬರೆಯುತ್ತಿರುವುದು ಮೊದಲ ವಾರದ ಉತ್ಸಾಹದ ಮಾತಲ್ಲ. ವಿಮರ್ಶಿಸುತ್ತಿರುವುದು ರೈಲ್ಸ್‌ನ ಎಲ್ಲವನ್ನೂ ಅಲ್ಲ. ಜಾವಾಸ್ಕ್ರಿಪ್ಟ್ ಉತ್ತರಗಳನ್ನು ಪರೀಕ್ಷಿಸಲು ಅದು ಕೈಗೆ ಕೊಡುವ ಸಲಕರಣೆಗಳನ್ನು ಮಾತ್ರ. ಕಂಟ್ರೋಲರ್ ಟೆಸ್ಟ್‌ಗಳು ಒಂದು, ನಿಜವಾದ ಬ್ರೌಸರ್ ಓಡಿಸುವ ಸಿಸ್ಟಮ್ ಟೆಸ್ಟ್‌ಗಳು ಇನ್ನೊಂದು. ಎರಡನೆಯದು ಇಲ್ಲದೆ ಮೊದಲನೆಯದನ್ನು ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆ ಎಂದು ಹೇಳುತ್ತೇನೆ.

ಮೊದಲ ಮೆಟ್ಟಿಲಾದ 4.1ರಲ್ಲೇ 47 ಟೆಸ್ಟ್‌ಗಳು ಕೆಂಪಾದವು. ಅಪ್ಲಿಕೇಶನ್‌ನ ಒಂದು ಸಾಲನ್ನೂ ನಾನು ಮುಟ್ಟಿರಲಿಲ್ಲ. ಎಲ್ಲದರಲ್ಲೂ ಒಂದೇ ದೋಷ: ಇನ್‌ವ್ಯಾಲಿಡ್ ಕ್ರಾಸ್ ಒರಿಜಿನ್ ರಿಕ್ವೆಸ್ಟ್. 2014ರ ಏಪ್ರಿಲ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ರೈಲ್ಸ್ ತಂಡ ಒಂದು ರಕ್ಷಣೆಯನ್ನು ಸೇರಿಸಿತು. ಬೇರೆ ತಾಣದ ನಕಲಿ ಕೋರಿಕೆಗಳನ್ನು ತಡೆಯುವ ಕಾವಲು ಅಲ್ಲಿಯವರೆಗೆ ದಾಖಲೆ ಬದಲಿಸುವ ಪೋಸ್ಟ್‌ನಂತಹ ಕೋರಿಕೆಗಳಿಗೆ ಮಾತ್ರ ಇತ್ತು, 4.1ರಿಂದ ಮಾಹಿತಿಯನ್ನಷ್ಟೇ ಕೇಳುವ, ಜಾವಾಸ್ಕ್ರಿಪ್ಟ್ ಉತ್ತರ ಪಡೆಯುವ ಗೆಟ್ ಕೋರಿಕೆಗಳಿಗೂ ಬಂದಿತು.

ಇದರ ಅಗತ್ಯವನ್ನು ನಮ್ಮ ವಾಚನಾಲಯದ ಉದಾಹರಣೆಯಿಂದಲೇ ಹೇಳುವುದು ಸುಲಭ. ಮಾಸ್ತರರು ಲಾಗಿನ್ ಆಗಿದ್ದಾರೆ, ಪಕ್ಕದ ಟ್ಯಾಬ್‌ನಲ್ಲಿ ಇನ್ನಾವುದೋ ಪುಟ ತೆರೆದಿದ್ದಾರೆ. ಆ ಪುಟದಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ ನಮ್ಮ ಸದಸ್ಯರ ಪಟ್ಟಿಯ ವಿಳಾಸವನ್ನು ಕರೆಯುತ್ತದೆ. ಸ್ಕ್ರಿಪ್ಟ್ ಟ್ಯಾಗ್ ಯಾವ ತಾಣದಿಂದ ಬೇಕಾದರೂ ಜಾವಾಸ್ಕ್ರಿಪ್ಟ್ ತರಬಹುದು. ಅದು ಜಾಲದ ಹಳೆಯ ನಿಯಮ. ಹಳೆಯ ಬ್ರೌಸರ್ ಮಾಸ್ತರರ ಲಾಗಿನ್ ಗುರುತಾದ ಕುಕೀಯನ್ನೂ ಜೊತೆಗೆ ಕಳಿಸುತ್ತದೆ. ಸರ್ವರ್ ಇವರು ಮಾಸ್ತರರೇ ಎಂದುಕೊಂಡು 260 ಮನೆಗಳ ಹೆಸರು, ಫೋನ್ ಸಂಖ್ಯೆ ತುಂಬಿದ ಜಾವಾಸ್ಕ್ರಿಪ್ಟ್ ಕೊಡುತ್ತದೆ. ಅದು ಓಡುವುದು ಆ ಪರಕೀಯ ಪುಟದೊಳಗೆ, ಅಲ್ಲಿಯ ಕೋಡ್‌ನ ಕಣ್ಣೆದುರಿಗೆ. ಎಕ್ಸ್‌ಎಚ್‌ಆರ್ ಮೂಲಕ, ಅಂದರೆ ಪುಟ ಬದಲಿಸದೆ ಹಿನ್ನೆಲೆಯಲ್ಲಿ, ಹೋಗುವ ಕೋರಿಕೆ ಹಾಗಲ್ಲ. ನಮ್ಮ ಪುಟದಲ್ಲಿರುವ ರೈಲ್ಸ್‌ನ ಸ್ಕ್ರಿಪ್ಟ್ ಅದರ ತಲೆಗೆ ‘ಎಕ್ಸ್-ರಿಕ್ವೆಸ್ಟೆಡ್-ವಿತ್’ ಎಂಬ ಹೆಡರ್, ಅಂದರೆ ಗುರುತಿನ ಸಾಲು, ಹಚ್ಚುತ್ತದೆ, ಸ್ಕ್ರಿಪ್ಟ್ ಟ್ಯಾಗ್‌ಗೆ ಅದನ್ನು ಸೇರಿಸಲು ಬರುವುದಿಲ್ಲ, ಬೇರೆ ತಾಣದ ಕೋಡ್‌ಗೆ ಅದನ್ನು ಸೇರಿಸಲು ನಮ್ಮ ಸರ್ವರ್‌ನ ಒಪ್ಪಿಗೆ ಬೇಕು. ರೈಲ್ಸ್ ಆ ಹೆಡರ್ ನೋಡಿ ಉತ್ತರ ಬಿಡುತ್ತದೆ. ಇಲ್ಲದಿದ್ದರೆ ಬಾಗಿಲು ಹಾಕುತ್ತದೆ.

ನನ್ನ ಹಳೆಯ ಟೆಸ್ಟ್‌ಗಳು ‘ಗೆಟ್, ಫಾರ್ಮ್ಯಾಟ್ ಜೆಎಸ್’ ಎಂದಷ್ಟೇ ಹೇಳುತ್ತಿದ್ದವು. ಅಂದರೆ ಹೆಡರ್ ಇಲ್ಲದ ಬರಿಯ ಕೋರಿಕೆ, ಪರಕೀಯ ಸ್ಕ್ರಿಪ್ಟ್ ಟ್ಯಾಗ್ ಬಂದು ಕೇಳಿದ ಹಾಗೆಯೇ. ಹತ್ತು ವರ್ಷ ನನ್ನ ಟೆಸ್ಟ್‌ಗಳು ಕಳ್ಳನ ದಾರಿಯಲ್ಲಿ ಒಳಗೆ ಹೋಗಿ ಎಲ್ಲವೂ ಸರಿಯಾಗಿದೆ ಎಂದು ವರದಿ ಕೊಡುತ್ತಿದ್ದವು. ಅದು ಹೊಳೆದ ಕ್ಷಣ ನನಗೆ ಈ ಬದಲಾವಣೆಯ ಮೇಲೆ ಗೌರವ ಹುಟ್ಟಿತು. 4.1ರಲ್ಲಿ ಪರಿಹಾರ ಸರಳ: ‘ಎಕ್ಸ್‌ಎಚ್‌ಆರ್ ಗೆಟ್’ ಎಂದು ಬರೆಯಬೇಕು, ಅಷ್ಟೇ. ಅಪ್‌ಗ್ರೇಡ್ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ.

ಆದರೆ ಒಂದು ದೂರು ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ದೋಷದ ಸಂದೇಶ ಅಪಾಯವನ್ನು ವಿವರಿಸಿ, ಅದೇ ಉಸಿರಿನಲ್ಲಿ, ನಿಮಗೆ ತಿಳಿದಿದ್ದರೆ ಈ ಕ್ರಿಯೆಗೆ ರಕ್ಷಣೆಯನ್ನು ತೆಗೆದುಹಾಕಿ ಎಂಬ ದಾರಿಯನ್ನೂ ತೋರಿಸುತ್ತದೆ. ಟೆಸ್ಟ್ ಬರೆಯುವವರು ಏನು ಮಾಡಬೇಕು ಎಂಬ ಮಾತು ಅದರಲ್ಲಿಲ್ಲ. ರಾತ್ರಿ ಹನ್ನೊಂದಕ್ಕೆ 47 ಕೆಂಪು ಸಾಲು ನೋಡುತ್ತಿರುವವರಿಗೆ ಒಂದೇ ಸಾಲಿನಲ್ಲಿ ಎಲ್ಲವನ್ನೂ ಹಸಿರಾಗಿಸುವ ಆ ದಾರಿ ಬಹಳ ಆಕರ್ಷಕ. ದಯವಿಟ್ಟು ಅದನ್ನು ಹಿಡಿಯಬೇಡಿ. ನನ್ನ 47ರಲ್ಲಿ ರಕ್ಷಣೆ ತೆಗೆಯಬೇಕಾಗಿದ್ದದ್ದು ಎರಡಕ್ಕೆ ಮಾತ್ರ. ಹೊಸದಾಗಿ ಬಂದ ಪುಸ್ತಕಗಳ ಪಟ್ಟಿಯನ್ನು ಪಿಂಪ್ರಿಯ ಗೆಳೆಯರ ತಾಣವೊಂದು ಸ್ಕ್ರಿಪ್ಟ್ ಟ್ಯಾಗ್‌ನಿಂದಲೇ ತರಿಸಿಕೊಳ್ಳುತ್ತದೆ. ಅದರಲ್ಲಿ ಪುಸ್ತಕದ ಹೆಸರು ಬಿಟ್ಟರೆ ಏನೂ ಇಲ್ಲ, ಯಾರು ಓದಿದರೂ ಸಂತೋಷವೇ. ಉಳಿದ 45ಕ್ಕೂ ಬೀಗ ಹಾಗೆಯೇ ಇದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸದಸ್ಯರ ವಿವರ ಕೊಡುವ ಆರು ಕಡೆಗೆ ಉಲ್ಟಾ ಟೆಸ್ಟ್‌ಗಳನ್ನೂ ಬರೆದೆ: ಹೆಡರ್ ಇಲ್ಲದೆ ಕೇಳಿದರೆ ಆ ದೋಷ ಬರಲೇಬೇಕು, ಬರದಿದ್ದರೆ ಟೆಸ್ಟ್ ಸೋಲಬೇಕು. ನಾಳೆ ಯಾರಾದರೂ ಅವಸರದಲ್ಲಿ ರಕ್ಷಣೆ ತೆಗೆದರೆ ಆ ಆರರಲ್ಲಿ ಒಂದಾದರೂ ಕೂಗುತ್ತದೆ. 6.1ರಿಂದ ರೈಲ್ಸ್ ಕುಕೀಗಳಿಗೆ ‘ಸೇಮ್‌ಸೈಟ್ ಲ್ಯಾಕ್ಸ್’ ಗುರುತನ್ನು ತಾನಾಗಿಯೇ ಹಾಕುತ್ತದೆ; ಬೇರೆ ತಾಣದ ಸ್ಕ್ರಿಪ್ಟ್ ಟ್ಯಾಗ್ ಕರೆದರೆ ಬ್ರೌಸರ್ ಆ ಕುಕೀ ಕಳಿಸುವುದಿಲ್ಲ, ಈ ದಾಳಿಯ ದಾರಿ ಇನ್ನಷ್ಟು ಕಿರಿದಾಗಿದೆ. ಆದರೂ ಆ ಆರು ಟೆಸ್ಟ್‌ಗಳನ್ನು ನಾನು ಅಳಿಸುವುದಿಲ್ಲ. ಜನ ನಂಬಿ ಕೊಟ್ಟ ಫೋನ್ ಸಂಖ್ಯೆ ಅದು.

ನಡುವಿನ ಮೆಟ್ಟಿಲುಗಳನ್ನು ಬೇಗ ದಾಟುತ್ತೇನೆ. 5.0ರಲ್ಲಿ ‘ಎಕ್ಸ್‌ಎಚ್‌ಆರ್ ಗೆಟ್’ ಹಳತಾಯಿತು. ಈಗ ಗೆಟ್ ಬರೆದು ಕೊನೆಯಲ್ಲಿ ‘ಎಕ್ಸ್‌ಎಚ್‌ಆರ್: ಟ್ರೂ’ ಎನ್ನಬೇಕು, ಉಳಿದ ವಿವರಗಳನ್ನು ‘ಪ್ಯಾರಮ್ಸ್’ ಎಂಬ ಹೆಸರಿನಡಿ ಕೊಡಬೇಕು. 5.1ರಲ್ಲಿ ಹಳೆಯ ರೂಪ ಪೂರ್ತಿ ಹೋಯಿತು. ಹೀಗಾಗಿ ಒಂದೊಂದೇ ಮೆಟ್ಟಿಲು ಹತ್ತುವವರು ಅದೇ 45 ಸಾಲುಗಳನ್ನು ಎರಡು ಸಲ ತಿದ್ದುತ್ತಾರೆ. ರೂಬಿ ಕೋಡ್ ತಪಾಸಣೆ ಮಾಡುವ ರೂಬೊಕಾಪ್‌ನಲ್ಲಿ ವಿವರಗಳನ್ನು ‘ಪ್ಯಾರಮ್ಸ್’ ಅಡಿಗೆ ತಾನೇ ತರುವ ನಿಯಮವಿದೆ, ನನಗೆ ಒಂದು ಸಂಜೆ ಉಳಿಯಿತು. 5.0ರಲ್ಲೇ ‘ಅಸೈನ್ಸ್’ ಮತ್ತು ‘ಅಸರ್ಟ್ ಟೆಂಪ್ಲೇಟ್’ ಎರಡನ್ನೂ ರೈಲ್ಸ್‌ನಿಂದ ಹೊರತೆಗೆದು ಬೇರೆ ಜೆಮ್‌ನಲ್ಲಿ, ಅಂದರೆ ಬೇಕಾದವರು ಸೇರಿಸಿಕೊಳ್ಳುವ ರೂಬಿ ಪೊಟ್ಟಣದಲ್ಲಿ, ಇಟ್ಟರು. ಆ ಜೆಮ್ ಸೇರಿಸಿದ್ದರೆ ಹತ್ತು ನಿಮಿಷದ ಕೆಲಸ. ನಾನು ಸೇರಿಸಲಿಲ್ಲ. ಉತ್ತರಕ್ಕೆ ಯಾವ ಟೆಂಪ್ಲೇಟ್ (ಅಚ್ಚು) ಬಳಕೆಯಾಯಿತು ಎಂಬುದು ಅಡುಗೆಮನೆಯ ಒಳಗಿನ ಮಾತು, ಎಲೆಯ ಮೇಲೆ ಏನು ಬಿತ್ತು ಎಂಬುದೇ ಟೆಸ್ಟ್ ಕೇಳಬೇಕಾದ ಪ್ರಶ್ನೆ. ಹಾಗಾಗಿ 29 ಟೆಸ್ಟ್‌ಗಳನ್ನು ಹೊಸದಾಗಿ ಬರೆದೆ.

6.0ರಲ್ಲಿ ಇನ್ನೊಂದು ಗುಂಪು ಕೆಂಪಾಯಿತು. ಉತ್ತರ ಯಾವ ಬಗೆಯದೆಂದು ಹೇಳುವ ‘ಕಂಟೆಂಟ್ ಟೈಪ್’ ಕೇಳಿದರೆ ಮೊದಲು ‘ಟೆಕ್ಸ್ಟ್/ಜಾವಾಸ್ಕ್ರಿಪ್ಟ್’ ಎಂದಷ್ಟೇ ಬರುತ್ತಿತ್ತು, 6.0ರ ಪೂರ್ವನಿಯೋಜಿತ ಸಂಯೋಜನೆಯಲ್ಲಿ ಅದರ ಹಿಂದೆ ಅಕ್ಷರಗಳ ಸಂಕೇತ ಪದ್ಧತಿ ಹೇಳುವ ‘ಕ್ಯಾರ್‌ಸೆಟ್ ಯುಟಿಎಫ್-8’ ಕೂಡ ಸೇರಿ ಬರುತ್ತದೆ. ಮೊದಲ ಭಾಗ ಮಾತ್ರ ಬೇಕಾದರೆ ‘ಮೀಡಿಯಾ ಟೈಪ್’ ಎಂದು ಕೇಳಬೇಕು. ಹದಿನೈದು ನಿಮಿಷದ ಕೆಲಸ. ಆದರೆ ಕನ್ನಡ ಅಕ್ಷರ ಹೊತ್ತ ಉತ್ತರಗಳಲ್ಲಿ ಆ ಯುಟಿಎಫ್-8 ಎಂಬ ಬಾಲ ಇರುವುದು ನನಗೆ ಮುಖ್ಯ. ಹಾಗಾಗಿ ನಾಲ್ಕು ಟೆಸ್ಟ್‌ಗಳಲ್ಲಿ ಪೂರ್ತಿ ಹೆಡರನ್ನೇ ಹೋಲಿಸುವಂತೆ ಬಿಟ್ಟಿದ್ದೇನೆ.

6.1ರ ಭಾನುವಾರದ ಬಗ್ಗೆ ವಿವರವಾಗಿಯೇ ಹೇಳಬೇಕು.

5.1ರಲ್ಲಿ ‘ಫಾರ್ಮ್ ವಿತ್’ ಎಂಬ ಹೊಸ ಸಹಾಯಕ ಬಂದಿತ್ತು. ಅದರಿಂದ ಮಾಡಿದ ಫಾರ್ಮ್‌ಗಳು ಹೇಳದೆಯೇ ‘ರಿಮೋಟ್’ ಆಗಿರುತ್ತಿದ್ದವು, ಅಂದರೆ ಎಕ್ಸ್‌ಎಚ್‌ಆರ್ ಮೂಲಕವೇ ಹೋಗುತ್ತಿದ್ದವು. ನಾನು ನಮ್ಮ 15 ಫಾರ್ಮ್‌ಗಳನ್ನು ಅದಕ್ಕೆ ಬದಲಿಸಿ, ಇನ್ನು ಬೇಡವೆಂದು ‘ರಿಮೋಟ್: ಟ್ರೂ’ ಎಂಬ ಗುರುತನ್ನು ಅಳಿಸಿದ್ದೆ. 6.1ರ ಪೂರ್ವನಿಯೋಜನೆ ಇದನ್ನು ತಿರುಗಿಸಿತು. ಆಗಿನಿಂದ ‘ಫಾರ್ಮ್ ವಿತ್’ ಮಾಡಿಕೊಡುವುದು ಸಾಮಾನ್ಯ ಫಾರ್ಮ್; ಎಕ್ಸ್‌ಎಚ್‌ಆರ್ ಬೇಕಾದರೆ ‘ಲೋಕಲ್: ಫಾಲ್ಸ್’ ಎಂದು ಬಾಯಿಬಿಟ್ಟು ಹೇಳಬೇಕು. ಬದಲಾವಣೆ ಗುಟ್ಟಿನದಲ್ಲ, ಬರೆದಿಟ್ಟದ್ದೇ. ನಾನು ಸಂಯೋಜನೆಯ ಅಂಕಿಯನ್ನು 6.1ಕ್ಕೆ ಏರಿಸಿ ಟೆಸ್ಟ್ ಓಡಿಸಿದೆ. 212ಕ್ಕೆ 212 ಹಸಿರು. ಶನಿವಾರ ರಾತ್ರಿ ಸರ್ವರ್‌ಗೆ ಏರಿಸಿದೆ.

ಭಾನುವಾರ ನಾಲ್ಕೂಕಾಲಿಗೆ ಮಾಸ್ತರರ ಫೋನ್ ಬಂದಿತು. “ತಂಗೀ, ಕೊಡು ಒತ್ತಿದರೆ ಪುಟವೆಲ್ಲ ಮಾಯವಾಗಿ 406 ಎಂಬ ಅಂಕಿ ಬರುತ್ತಿದೆ. ಪುಸ್ತಕ ಕೊಟ್ಟ ಹಾಗೋ ಕೊಡದ ಹಾಗೋ?”

ಆ ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಫಾರ್ಮ್ ಈಗ ಎಚ್‌ಟಿಎಂಎಲ್ ಬೇಕೆಂದು ಕೇಳುತ್ತಿತ್ತು. ನಮ್ಮ ಕಂಟ್ರೋಲರ್‌ಗೆ ಕೊಡಲು ಗೊತ್ತಿದ್ದದ್ದು ಜಾವಾಸ್ಕ್ರಿಪ್ಟ್ ಮಾತ್ರ. ಆದ್ದರಿಂದ ‘ಅನ್‌ನೋನ್ ಫಾರ್ಮ್ಯಾಟ್’, ಅದರ ಅಂಕಿ 406. ಆದರೆ ಆ ದೋಷ ಹುಟ್ಟುವುದು ಉತ್ತರ ಕೊಡುವ ಹಂತದಲ್ಲಿ, ದಾಖಲೆ ಉಳಿಸಿದ ಮೇಲೆ. ಪುಸ್ತಕ ಕೊಟ್ಟದ್ದು ದತ್ತಸಂಚಯದಲ್ಲಿ ದಾಖಲಾಗಿಬಿಟ್ಟಿತ್ತು. ಮಾಸ್ತರರು ಖಾಲಿ ಪುಟ ನೋಡಿ ಹಿಂದೆ ಬಂದು ಮತ್ತೆ ಒತ್ತಿದ್ದರು. ಹನ್ನೊಂದು ಪುಸ್ತಕಗಳು ಎರಡೆರಡು ಸಲ ದಾಖಲಾಗಿದ್ದವು. ಆಮೇಲೆ ಅವರು ಕಪಾಟಿನ ಮೇಲಿದ್ದ ಹಳೆಯ ಉದ್ದ ಪುಸ್ತಕವನ್ನು ಕೆಳಗಿಳಿಸಿ, ಅಂದಿನ ಉಳಿದ ವ್ಯವಹಾರವನ್ನೆಲ್ಲ ತಮ್ಮ ದುಂಡು ಅಕ್ಷರದಲ್ಲಿ ಬರೆದುಕೊಂಡರು. 38 ಸಾಲು. ಆ ರಾತ್ರಿ ಅವನ್ನು ಒಂದೊಂದಾಗಿ ದಾಖಲಿಸಿದೆ, ಜೋಡಿ ದಾಖಲೆಗಳನ್ನು ಅಳಿಸಿದೆ.

212 ಟೆಸ್ಟ್‌ಗಳು ಏಕೆ ಸುಮ್ಮನಿದ್ದವು? ಕಂಟ್ರೋಲರ್ ಟೆಸ್ಟ್‌ನಲ್ಲಿ ‘ಎಕ್ಸ್‌ಎಚ್‌ಆರ್: ಟ್ರೂ’ ಎಂದು ಬರೆಯುವವರು ನಾವು. ಬ್ರೌಸರ್ ಹೀಗೆಯೇ ಕೇಳುತ್ತದೆ ಎಂದು ಬ್ರೌಸರ್‌ನ ಪರವಾಗಿ ನಾವು ಸಾಕ್ಷಿ ಹೇಳುತ್ತೇವೆ, ಟೆಸ್ಟ್ ಅದನ್ನು ನಂಬಿಕೊಂಡು ಮುಂದೆ ಹೋಗುತ್ತದೆ. ಪುಟದಲ್ಲಿರುವ ಫಾರ್ಮ್ ನಿಜವಾಗಿ ಹಾಗೆ ಕೇಳುತ್ತದೆಯೇ ಎಂದು ಅದು ಇಣುಕಿ ನೋಡುವುದೇ ಇಲ್ಲ. 4.1ರಲ್ಲಿ ಟೆಸ್ಟ್‌ಗಳಿಗೆ ಆ ಗುರುತು ಹಾಕಿ ನಾನು ಸರಿಯಾದ ಕೆಲಸವನ್ನೇ ಮಾಡಿದ್ದೆ. ಆದರೆ ಆ ಗುರುತು ನಿಜವೇ ಎಂದು ಕೇಳುವ ಒಂದು ಟೆಸ್ಟ್ ಕೂಡ ನಮ್ಮಲ್ಲಿರಲಿಲ್ಲ. ಕಂಟ್ರೋಲರ್ ಟೆಸ್ಟ್‌ಗಳ ಬಗ್ಗೆ ನನ್ನ ವಿಮರ್ಶೆ ಇದೇ: ವೇಗ ಅದ್ಭುತ, ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ 212 ಟೆಸ್ಟ್‌ಗಳು 19 ಸೆಕೆಂಡಿನಲ್ಲಿ ಮುಗಿಯುತ್ತವೆ, ಅನುಮತಿ, ದಂಡದ ಲೆಕ್ಕ, ತಪ್ಪು ಸಂಖ್ಯೆ ಕೊಟ್ಟರೆ ಏನಾಗಬೇಕು ಎಂಬುದಕ್ಕೆಲ್ಲ ಇವುಗಳಿಗಿಂತ ಒಳ್ಳೆಯದು ಇಲ್ಲ. ಮೇಜಿನ ಮೇಲಿನ ಗುಂಡಿ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಇವು ಸಾಕ್ಷಿಯಲ್ಲ.

ಆ ಸೋಮವಾರವೇ ಸಿಸ್ಟಮ್ ಟೆಸ್ಟ್‌ಗಳನ್ನು ಕೈಗೆತ್ತಿಕೊಂಡೆ. ಇವು 5.1ರಿಂದ, ಅಂದರೆ 2017ರಿಂದ, ರೈಲ್ಸ್‌ನೊಳಗೇ ಇವೆ. ರೂಪಿಸಿದವರು ಐಲೀನ್ ಉಚಿಟೆಲ್. ಒಳಗೆ ಕೆಲಸ ಮಾಡುವುದು ಬ್ರೌಸರ್ ನಡೆಸುವ ತಂತ್ರಾಂಶಗಳಾದ ಕ್ಯಾಪಿಬಾರಾ ಮತ್ತು ಸೆಲೆನಿಯಂ: ಸರ್ವರ್ ಎದ್ದು ನಿಲ್ಲುತ್ತದೆ, ನಿಜವಾದ ಕ್ರೋಮ್ ತೆರೆಯುತ್ತದೆ, ಟೆಸ್ಟ್ ಹೇಳಿದ ಗುಂಡಿಯನ್ನು ಒತ್ತುತ್ತದೆ, ಪುಟದಲ್ಲಿ ಮೂಡಿದ್ದನ್ನು ಓದುತ್ತದೆ. ಮೊದಲು ಇದನ್ನೆಲ್ಲ ನಾವೇ ಜೋಡಿಸಿಕೊಳ್ಳಬೇಕಿತ್ತು. ಟೆಸ್ಟ್‌ನ ಎಳೆ (ಥ್ರೆಡ್) ಮತ್ತು ಸರ್ವರ್‌ನ ಎಳೆ ಒಂದೇ ದತ್ತಸಂಚಯ ಸಂಪರ್ಕವನ್ನು ಹಂಚಿಕೊಳ್ಳುವಂತೆ ರೈಲ್ಸ್ ನೋಡಿಕೊಳ್ಳುತ್ತದೆ, ಆದ್ದರಿಂದ ಪ್ರತಿ ಟೆಸ್ಟ್ ಮುಗಿದ ಮೇಲೆ ಅದು ಬಿಟ್ಟ ದಾಖಲೆಗಳ ಕಸ ಗುಡಿಸುವ ಕೆಲಸ ನಮಗಿಲ್ಲ. ಹಿಂದೆ ಇದೇ ಕೆಲಸಕ್ಕೆ ಬೇರೊಂದು ಜೆಮ್ ಇಟ್ಟುಕೊಂಡು ಪಟ್ಟ ಪಾಡು ನೆನಪಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ಮೊದಲ ಟೆಸ್ಟ್ ಎಂಟು ಸಾಲು. ಮಾಸ್ತರರಾಗಿ ಲಾಗಿನ್ ಆಗು, ಸದಸ್ಯರನ್ನು ಆರಿಸು, ಪುಸ್ತಕ ಆರಿಸು, ‘ಕೊಡು’ ಒತ್ತು, ದಿನಾಂಕ ಕಾಣಬೇಕು, ಪುಟದ ತಲೆಬರಹ ಅಲ್ಲೇ ಉಳಿದಿರಬೇಕು. ಫಾರ್ಮ್ ತಿದ್ದುವ ಮೊದಲೇ ಓಡಿಸಿದೆ. ಕೆಂಪಾಯಿತು, ಅದೇ 406. ಆಮೇಲೆ ‘ಲೋಕಲ್: ಫಾಲ್ಸ್’ ಸೇರಿಸಿದೆ. ಹಸಿರಾಯಿತು. ಆ ಹಸಿರನ್ನು ನಾನು ನಂಬಿದೆ, ಏಕೆಂದರೆ ಅದು ಕೆಂಪಾಗಬಲ್ಲದು ಎಂದು ಕಣ್ಣಾರೆ ಕಂಡಿದ್ದೆ.

ಸ್ಥಾಪನೆ ಮಾತ್ರ ಸಲೀಸಾಗಿರಲಿಲ್ಲ. ಟೆಸ್ಟ್ ಪರವಾಗಿ ಕ್ರೋಮ್ ನಡೆಸುವ ಚಾಲಕವೇ ಕ್ರೋಮ್‌ಡ್ರೈವರ್; ಅದೇ ವರ್ಷ ಕ್ರೋಮ್ 115ರಿಂದ ಅದು ಸಿಗುವ ಜಾಗ ಬದಲಾಗಿತ್ತು. ಹಳೆಯ ವೆಬ್‌ಡ್ರೈವರ್ಸ್ ಜೆಮ್ ಹಳೆಯ ವಿಳಾಸಕ್ಕೇ ಹೋಗಿ ಬರಿಗೈಯಲ್ಲಿ ಬರುತ್ತಿತ್ತು. ಅದನ್ನು ತೆಗೆದುಹಾಕಿ ಸೆಲೆನಿಯಂ ಅನ್ನು 4.11ಕ್ಕೆ ಏರಿಸಿದರೆ ತಕ್ಕ ಚಾಲಕವನ್ನು ಅದೇ ತರಿಸಿಕೊಳ್ಳುತ್ತದೆ. ಇದು ತಿಳಿಯುವಷ್ಟರಲ್ಲಿ ಅರ್ಧ ದಿನ ಹೋಯಿತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಕೆಲವು ಮಾತು ವಿಶೇಷವಾಗಿ ಹೇಳಬೇಕು. ಟೆಸ್ಟ್ ಸೋತಾಗ ರೈಲ್ಸ್ ಪರದೆಯ ಚಿತ್ರವನ್ನು ತೆಗೆದು ಇಡುತ್ತದೆ. ಇದು ಬಹಳ ಒಳ್ಳೆಯ ಸೌಲಭ್ಯ. ಆದರೆ ನಾವು ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರಲಿಲ್ಲ, ಚಿತ್ರದ ತುಂಬ ಖಾಲಿ ಚೌಕಗಳು. ಯಾವ ಪುಸ್ತಕದ ಸಾಲು ಸೋತಿದೆ ಎಂದು ತಿಳಿಯುವಂತಿರಲಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪೊಟ್ಟಣ ಹಾಕಿದರೆ ಗುಬ್ಬಿ ಮತ್ತು ನವಿಲು ಎರಡೂ ಫಾಂಟ್‌ಗಳು ಬರುತ್ತವೆ, ಅಕ್ಷರಗಳು ಅಂದವಾಗಿ ಕಾಣುತ್ತವೆ. ಕ್ಯಾಪಿಬಾರಾ ಪಠ್ಯವನ್ನು ಹೋಲಿಸುವುದಕ್ಕೆ ಫಾಂಟ್ ಬೇಕಿಲ್ಲ. ಚಿತ್ರ ನೋಡುವ ನಮಗೆ ಬೇಕು. ಕನ್ನಡ ಟೈಪ್ ಮಾಡಿಸುವುದರಲ್ಲಿ ತೊಂದರೆಯೇ ಇಲ್ಲ. ನಾನು ಬಳಸಿದ ಕ್ರೋಮ್‌ಡ್ರೈವರ್ ಯುನಿಕೋಡ್‌ನ ಮೂಲ ತಲದ ಅಕ್ಷರಗಳನ್ನು ಮಾತ್ರ ಒಪ್ಪುತ್ತಿತ್ತು, ಕನ್ನಡ ಆ ತಲದಲ್ಲೇ ಇದೆ; ಎಮೋಜಿ ಕಳಿಸಿದರೆ ಮಾತ್ರ ನಿರಾಕರಿಸುತ್ತಿತ್ತು.

ಇನ್ನೊಂದು ತೊಡಕು ನಮ್ಮ ಲಿಪಿಯದೇ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ನಮ್ಮ ಪುಸ್ತಕಪಟ್ಟಿಯ ಒಂದು ಭಾಗ ‘ನುಡಿ’ ತಂತ್ರಾಂಶದ ಹಳೆಯ ಕಡತಗಳಿಂದ ಪರಿವರ್ತನೆಯಾಗಿ ಬಂದದ್ದು, ಅದರಲ್ಲಿ ಬಿಡಿ ಚಿಹ್ನೆಗಳಿದ್ದವು. ನಾನು ಟೆಸ್ಟ್‌ನಲ್ಲಿ ಟೈಪ್ ಮಾಡಿದ್ದು ಒಂದೇ ಚಿಹ್ನೆ. ಪರದೆಯಲ್ಲಿ ಹೆಸರು ಕಾಣುತ್ತಿತ್ತು, ಟೆಸ್ಟ್ ಮಾತ್ರ ಇಲ್ಲ ಎನ್ನುತ್ತಿತ್ತು. ರೂಬಿ 2.2ರಿಂದ ಇರುವ ‘ಯುನಿಕೋಡ್ ನಾರ್ಮಲೈಸ್’ ಬಳಸಿ ದತ್ತಸಂಚಯವನ್ನೆಲ್ಲ ಒಂದೇ ರೂಪಕ್ಕೆ ತಂದೆ. ಆಮೇಲೆ ಮಾಸ್ತರರು ಒಂದು ಮಾತು ಹೇಳಿದರು: ಹುಡುಕಿದರೆ ಸಿಗದ ಕೆಲವು ಪುಸ್ತಕಗಳು ಈಗ ಸಿಗುತ್ತಿವೆಯಂತೆ. ಟೆಸ್ಟ್ ಒಂದು ತನ್ನ ಕೆಲಸ ಮೀರಿ ಉಪಕಾರ ಮಾಡಿತು.

ಸಿಸ್ಟಮ್ ಟೆಸ್ಟ್‌ಗಳು ಹೊರಗೆಳೆದ ನಿಜವಾದ ದೋಷಗಳು ಎರಡು. ಒಂದು, ಮಂಗಳೂರಿನ ಕಡೆಯ ಡಿ'ಸೋಜ ಮನೆತನದವರ ಹೆಸರು. ಹೆಸರಿನ ನಡುವಿನ ಆ ಚಿಹ್ನೆಯನ್ನು ಜಾವಾಸ್ಕ್ರಿಪ್ಟ್ ಟೆಂಪ್ಲೇಟ್ ಎಚ್‌ಟಿಎಂಎಲ್ ಸಂಕೇತವಾಗಿ ಬದಲಿಸಿ ಕಳಿಸುತ್ತಿತ್ತು, ಪರದೆಯಲ್ಲಿ ‘ಡಿ'ಸೋಜ’ ಎಂದು ಕಾಣುತ್ತಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ. ಆ ಮನೆಯವರು ಒಂದು ಮಾತೂ ಆಡಿರಲಿಲ್ಲ. ನನಗೆ ಬಹಳ ಬೇಸರವಾಯಿತು. ಹೆಸರು ಸರಿಯಾಗಿ ಬರೆಯುವುದು ವಾಚನಾಲಯದ ಮೊದಲ ಮರ್ಯಾದೆ. ಇನ್ನೊಂದು, ಪುಸ್ತಕದ ಸ್ಥಿತಿಯ ಟಿಪ್ಪಣಿ. ಮಾಸ್ತರರು ‘ಬೆನ್ನು ಹರಿದಿದೆ’ ಎಂದು ಬರೆದು, ಎಂಟರ್ ಒತ್ತಿ, ‘12ನೆಯ ಪುಟ ಇಲ್ಲ’ ಎಂದು ಬರೆಯುತ್ತಾರೆ. ಆ ಸಾಲು ಮುರಿತ ಜಾವಾಸ್ಕ್ರಿಪ್ಟ್‌ನ ಉಲ್ಲೇಖ ಚಿಹ್ನೆಗಳ ನಡುವೆ ಹಾಗೆಯೇ ಹೋಗಿ ಇಡೀ ತುಣುಕು ಓಡದಂತೆ ಮಾಡುತ್ತಿತ್ತು. ಸರ್ವರ್ ಮಾತ್ರ 200, ಅಂದರೆ ಎಲ್ಲ ಸರಿ, ಎಂದೇ ಹೇಳುತ್ತಿತ್ತು. ಕಂಟ್ರೋಲರ್ ಟೆಸ್ಟ್ ಉತ್ತರದಲ್ಲಿ ಪುಸ್ತಕದ ಹೆಸರಿದೆಯೇ ಎಂದು ನೋಡಿ ತೃಪ್ತಿಪಡುತ್ತಿತ್ತು. ಜೆಕ್ವೆರಿ-ರೈಲ್ಸ್ ಜೆಮ್ ಜೊತೆ ಬರುವ ‘ಅಸರ್ಟ್ ಸೆಲೆಕ್ಟ್ ಜೆಕ್ವೆರಿ’ ಎಂಬ ಟೆಸ್ಟ್ ಸಹಾಯಕ ಕೂಡ ಪಠ್ಯವನ್ನು ಓದುತ್ತದೆಯೇ ಹೊರತು ಓಡಿಸುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಮೌಲ್ಯವನ್ನು ಕೈಯಿಂದ ಉಲ್ಲೇಖ ಚಿಹ್ನೆಗಳೊಳಗೆ ತುರುಕದೆ ‘ಟು ಜೇಸನ್’ ಮೂಲಕ ಜಾವಾಸ್ಕ್ರಿಪ್ಟ್ ಓದಬಲ್ಲ ರೂಪಕ್ಕೆ ತಂದು, ಅದು ಮತ್ತೆ ಎಚ್‌ಟಿಎಂಎಲ್ ಸಂಕೇತಗಳಾಗದಂತೆ ಹಾಗೆಯೇ ಕಳಿಸುವುದು.

ಇದಾದ ಮೇಲೆ ಕಂಟ್ರೋಲರ್ ಟೆಸ್ಟ್‌ಗಳಿಗೂ ಒಂದು ಚಿಕ್ಕ ತಪಾಸಣೆ ಸೇರಿಸಿದೆ. ಜಾವಾಸ್ಕ್ರಿಪ್ಟ್ ಉತ್ತರದ ಪಠ್ಯವನ್ನು, ರೂಬಿಯೊಳಗಿಂದ ಜಾವಾಸ್ಕ್ರಿಪ್ಟ್ ಓಡಿಸುವ ಎಕ್ಸೆಕ್‌ಜೆಎಸ್ ಜೆಮ್ ಮೂಲಕ ‘ನ್ಯೂ ಫಂಕ್ಷನ್’ಗೆ ಒಪ್ಪಿಸುತ್ತೇನೆ. ಅದು ಕೋಡನ್ನು ಓಡಿಸುವುದಿಲ್ಲ, ವ್ಯಾಕರಣ ಸರಿಯಿದೆಯೇ ಎಂದು ಮಾತ್ರ ನೋಡುತ್ತದೆ. ತಪ್ಪಿದ್ದರೆ ದೋಷ ಎಸೆಯುತ್ತದೆ. ಆರು ಸಾಲಿನ ಕೆಲಸ, ಬ್ರೌಸರ್ ತೆರೆಯಬೇಕಾಗಿಲ್ಲ, 64 ಟೆಸ್ಟ್‌ಗಳೂ ಅದರ ಮೂಲಕ ಹಾಯುತ್ತವೆ. ರೈಲ್ಸ್‌ನಲ್ಲಿ ಇದು ತಾನಾಗಿಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಸಿಸ್ಟಮ್ ಟೆಸ್ಟ್‌ಗಳ ದೌರ್ಬಲ್ಯ ನಿಧಾನ. ನಮ್ಮ ಹನ್ನೊಂದು ಸಿಸ್ಟಮ್ ಟೆಸ್ಟ್‌ಗಳಿಗೆ 74 ಸೆಕೆಂಡು ಬೇಕು, 212 ಕಂಟ್ರೋಲರ್ ಟೆಸ್ಟ್‌ಗಳಿಗೆ ಬೇಕಾದುದರ ನಾಲ್ಕು ಪಟ್ಟು ಹತ್ತಿರ. ಒಮ್ಮೆ ಹಸಿರು, ಒಮ್ಮೆ ಕೆಂಪು ಎಂಬ ಚಂಚಲತೆಯೂ ಮೊದಲ ತಿಂಗಳು ಕಾಡಿತು. ಅದರ ಮೂಲ ನನ್ನ ಬರವಣಿಗೆಯಲ್ಲೇ ಇತ್ತು. ಪುಟದ ಪಠ್ಯವನ್ನು ತೆಗೆದುಕೊಂಡು ತಕ್ಷಣ ಹೋಲಿಸಿದರೆ ಜಾವಾಸ್ಕ್ರಿಪ್ಟ್ ಓಡಿ ಮುಗಿಯುವ ಮೊದಲೇ ತೀರ್ಪು ಬರುತ್ತದೆ. ‘ಅಸರ್ಟ್ ಟೆಕ್ಸ್ಟ್’ ಎಂದು ಕ್ಯಾಪಿಬಾರಾಕ್ಕೇ ಬಿಟ್ಟರೆ ಅದು ಪೂರ್ವನಿಯೋಜಿತವಾಗಿ ಎರಡು ಸೆಕೆಂಡಿನವರೆಗೆ ಕಾಯುತ್ತ ಮತ್ತೆ ಮತ್ತೆ ನೋಡುತ್ತದೆ. ಒಂದು ಪಠ್ಯ ಇರಬಾರದು ಎನ್ನುವಾಗಲೂ ‘ಅಸರ್ಟ್ ನೋ ಟೆಕ್ಸ್ಟ್’ ಎಂದೇ ಬರೆಯಬೇಕು. ಇವೆರಡನ್ನು ಪಾಲಿಸಿದ ಮೇಲೆ ಈ ವರ್ಷ ಕಾರಣವಿಲ್ಲದೆ ಕೆಂಪಾದದ್ದು ಎರಡೇ ಸಲ.

ರೈಲ್ಸ್‌ನ ಕರ್ತೃ ಡೇವಿಡ್ ಹೈನ್‌ಮೈಯರ್ ಹ್ಯಾನ್ಸನ್ ಅವರೇ 2024ರಲ್ಲಿ ಸಿಸ್ಟಮ್ ಟೆಸ್ಟ್‌ಗಳು ಸೋತವು ಎಂಬ ಅರ್ಥದಲ್ಲಿ ಬರೆದಿದ್ದಾರೆ. ನಿಧಾನ, ನಾಜೂಕು, ಸುಳ್ಳು ಕೂಗು ಹೆಚ್ಚು ಎಂಬುದು ಅವರ ತಕರಾರು. ನೂರಾರು ಸಿಸ್ಟಮ್ ಟೆಸ್ಟ್ ಇಟ್ಟುಕೊಂಡವರಿಗೆ ಆ ಮಾತು ಸರಿಯೇ ಇರಬೇಕು. ನಮ್ಮ ಅಳತೆಗೆ ನಾನು ಒಪ್ಪುವುದಿಲ್ಲ. ದೊಡ್ಡ ಸಂಸ್ಥೆಯಲ್ಲಿ ಕೈಯಿಂದ ಒತ್ತಿ ನೋಡಲು ಜನರಿರುತ್ತಾರೆ. ನಮ್ಮಲ್ಲಿ ಒತ್ತಿ ನೋಡುವ ಮೊದಲ ಮನುಷ್ಯ ಮಾಸ್ತರರು, ಅದೂ ಭಾನುವಾರ ನಾಲ್ಕು ಗಂಟೆಗೆ, ಎದುರಿಗೆ ಸಾಲು ನಿಂತಿರುವಾಗ. ಅವರಿಗಿಂತ ಮೊದಲು ಒಂದು ಯಂತ್ರ ಒತ್ತಿ ನೋಡಲಿ. ಹನ್ನೊಂದು ಸಾಕು: ಕೊಡು, ಮರಳಿ ಪಡೆ, ದಂಡ ಮನ್ನಾ ಮಾಡು, ಹೊಸ ಸದಸ್ಯ, ಹುಡುಕು, ಹೀಗೆ ಮೇಜಿನ ಬಳಿ ನಿಜವಾಗಿ ನಡೆಯುವ ಕೆಲಸಕ್ಕೆ ಒಂದೊಂದು. ಎಲ್ಲವೂ ಉಚಿತ ತಂತ್ರಾಂಶ, ಖರ್ಚಾಗುವುದು ಸಮಯ ಮಾತ್ರ. ಐದಕ್ಕೆ ಅಂಕ ಕೊಡುವುದಾದರೆ ಕಂಟ್ರೋಲರ್ ಟೆಸ್ಟ್‌ಗಳಿಗೆ ಮೂರೂವರೆ, ಸಿಸ್ಟಮ್ ಟೆಸ್ಟ್‌ಗಳಿಗೆ ನಾಲ್ಕು, 4.1ರ ದೋಷ ಸಂದೇಶಕ್ಕೆ ಎರಡು.

7.0ರಲ್ಲಿ ಹೊಸ ಅಪ್ಲಿಕೇಶನ್‌ಗಳಿಗೆ, ಸರ್ವರ್ ಕಳಿಸಿದ ಎಚ್‌ಟಿಎಂಎಲ್‌ನಿಂದಲೇ ಪುಟದ ಭಾಗ ಬದಲಿಸುವ ಟರ್ಬೋ ಬರುತ್ತದೆ, ಜಾವಾಸ್ಕ್ರಿಪ್ಟ್ ಉತ್ತರಗಳ ಹಳೆಯ ರೀತಿ ಹಿಂದೆ ಸರಿದಿದೆ. ನಾವು ಆ ಹಳೆಯ ರೀತಿಯನ್ನು ನಡೆಸುವ ಸ್ಕ್ರಿಪ್ಟ್ ಆದ ರೈಲ್ಸ್-ಯುಜೆಎಸ್ ಉಳಿಸಿಕೊಂಡು ನಡೆಸುತ್ತಿದ್ದೇವೆ, ಆದರೆ ಬದಲಿಸಲೇಬೇಕು. ಕಳೆದ ತಿಂಗಳು ‘ಕೊಡು’ ಫಾರ್ಮನ್ನು ಟರ್ಬೋ ಸ್ಟ್ರೀಮ್‌ಗೆ ತಂದೆ. ಅದಕ್ಕೆ ಸಂಬಂಧಿಸಿದ ಒಂಬತ್ತು ಕಂಟ್ರೋಲರ್ ಟೆಸ್ಟ್‌ಗಳನ್ನು ಮತ್ತೆ ಬರೆಯಬೇಕಾಯಿತು. ಆ ಎಂಟು ಸಾಲಿನ ಸಿಸ್ಟಮ್ ಟೆಸ್ಟ್‌ನಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಮೊದಲ ಓಟದಲ್ಲೇ ದಾಟಿತು. ಉಳಿದ ಹದಿನಾಲ್ಕು ಫಾರ್ಮ್‌ಗಳನ್ನು ಯುಗಾದಿಯೊಳಗೆ ಮುಗಿಸುವುದಾಗಿ ಮಾಸ್ತರರಿಗೆ ಹೇಳಿದ್ದೇನೆ. ಅವರು ಉದ್ದ ಪುಸ್ತಕವನ್ನು ಕಪಾಟಿನ ಮೇಲಿಂದ ಇಳಿಸಿ ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿದ್ದಾರೆ.